ಕರಡಿಗೆ ಹೋದ ಕರಡಿಗೆ

ಅಮೆರಿಕೆಯಿಂದ ಬಂದಂದಿನಿಂದ ನನಗೆ ನೆಮ್ಮದಿಯಿಲ್ಲ. ಮೊರಬದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಹಾಯುವ ಹಾಗಿಲ್ಲ. ಯಾರಾದರೊಬ್ಬರು ಕೈಹಿಡಿದು ಕೂರಿಸಿಕೊಂಡು ಅದೇ ಪ್ರಶ್ನೆ ಕೇಳುತ್ತಾರೆ. ನೀವು ನೋಡಿ ಬಂದ ಆ ಆಟದೂರು ಚಲೋನೋ, ಕೆಟ್ಟದ್ದೋ? ಹೋಗಬೇಕೋ, ಬ್ಯಾಡೋ? ಕೇಳುವವರು ಹುಬ್ಬಳ್ಳಿಗೆ ಹೋಗುವುದಕ್ಕೂ ನಾಲ್ಕು ಮಂದಿಯನ್ನು ವಿಚಾರಿಸುವವರು. ಆದರೂ ನಾಳೆಯ ಮೊದಲ ಬಸ್ಸಿಗೇ ಅಮೆರಿಕೆಗೆ ಹೊರಟವರ ಹಾಗೆ ಅವಸರ ಮಾಡುತ್ತಾರೆ. "ಒಂದ ಮಾತಿನ್ಯಾಗ ಹೇಳ್ರಿ ಮಾಸ್ತರ" ಅನ್ನುತ್ತಾರೆ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನು. ಒಂದು ಮಾತಿನಲ್ಲಿ ಹೇಳುವ ರೂಢಿ ನಮ್ಮ ಕಸಬಿಗೇ ಇಲ್ಲ. ಅದಕ್ಕೇ ಆ ಊರಿನ ಚಲೋದನ್ನೂ ಕೆಟ್ಟದ್ದನ್ನೂ ಇಲ್ಲಿ ತೂಗಿ ಬರೆದಿಡುತ್ತೇನೆ. ಓದಿ ನೀವೇ ತೀರ್ಮಾನ ಮಾಡಿರಿ, ನನ್ನನ್ನು ಚಹಾ ಕುಡಿಯಲು ಬಿಡಿರಿ.

ನಾನು ಅಮೆರಿಕೆಗೆ ಹೋದದ್ದು ನನ್ನ ಯೋಗ್ಯತೆಯಿಂದಲ್ಲ, ನನ್ನ ದೊಡ್ಡವ್ವನಿಂದ. ನನ್ನ ತಾಯಿಯ ಅಕ್ಕ, ತಿರ್ಲಾಪುರದ ನೀಲವ್ವ. ಅವಳ ಮಗಳು ಶಾಂತಾ ಡಾಕ್ಟರನ ಕೈಹಿಡಿದು ಅಮೆರಿಕೆ ಸೇರಿದ್ದಳು. ಬಾಣಂತನಕ್ಕೆ ತವರಿಗೆ ಬರಲಾಗದ ಶಾಂತಾ ತವರನ್ನೇ ತನ್ನಲ್ಲಿಗೆ ಕರೆಸಿಕೊಂಡಳು. ದೊಡ್ಡವ್ವನಿಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು. ಕನ್ನಡದಲ್ಲೂ ತಿರ್ಲಾಪುರದ್ದು ಬಿಟ್ಟು ಬೇರೆಯದು ಬಾರದು. ಒಬ್ಬಳೇ ವಿಮಾನ ಹತ್ತಲು ಒಲ್ಲೆನೆಂದಳು. ಸೂಟಿಯಲ್ಲಿ ಖಾಲಿ ಕೂತಿದ್ದ ಇಂಗ್ಲಿಷ್ ಮಾಸ್ತರನನ್ನು, ಸೂಟಿ ಮುಗಿದ ಮೇಲಿನ ದಿನಗಳಿಗೆ ರಜೆ ಹಾಕಿಸಿ, ಅವಳ ಜೊತೆಗೆ ಕಟ್ಟಿ ಕಳಿಸಿದರು.

ನನ್ನ ಇಂಗ್ಲಿಷಿನ ಮರ್ಯಾದೆ ಅಲ್ಲಿ ಇಳಿದ ಮೊದಲ ದಿನವೇ ಹೋಯಿತು. ಮೊಮ್ಮಗನಿಗೆಂದು ದೊಡ್ಡವ್ವ ಕಲಘಟಗಿಯ ಬಣ್ಣದ ತೊಟ್ಟಿಲನ್ನು ಬಿಚ್ಚಿ ಗೋಣಿಯಲ್ಲಿ ಕಟ್ಟಿಸಿ ತಂದಿದ್ದಳು. ವಿಮಾನ ನಿಲ್ದಾಣದ ಅಧಿಕಾರಿ ಇದೇನೆಂದು ಕೇಳಿದ. ನಾನು ವ್ಯಾಕರಣ ತಪ್ಪದ ಹಾಗೆ ಎರಡು ರೀತಿಯಲ್ಲಿ ವಿವರಿಸಿದೆ. ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ದೊಡ್ಡವ್ವ ನನ್ನನ್ನು ಬಾಜೂಕ್ಕೆ ಸರಿಸಿ, ಎರಡೂ ಕೈ ಜೋಡಿಸಿ ತೂಗುತ್ತ ಜೋಜೋ ಅಂದಳು. ಅವನು ನಕ್ಕು ಬಿಟ್ಟುಬಿಟ್ಟ. ಅಂದಿನಿಂದ ಅವಳು ನನ್ನನ್ನು "ಮಾಸ್ತರ" ಎಂದು ಕರೆಯುವಾಗಲೆಲ್ಲ ತುದಿಯಲ್ಲಿ ಒಂದು ನಗೆ ಇರುತ್ತಿತ್ತು.

ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ, ನಾವು ಊರಿಗೆ ಮರಳುವ ಮುನ್ನ, ದೊಡ್ಡವ್ವನ ಅಳಿಯ ಶಿವಾನಂದ ಪಟ್ಟು ಹಿಡಿದ. ಆ ಆಟದೂರು ನೋಡದೆ ಹೋದರೆ ಅಮೆರಿಕೆ ನೋಡಿದ ಹಾಗೇ ಅಲ್ಲವಂತೆ. ಅವನ ಕಾರಿನಲ್ಲಿ ಎಲ್ಲರೂ ಹೊರಟೆವು.

ಕೋಣೆ

ಆಟದೂರೆಂದರೆ ಜಾಲೀ ಜೋಕಾಲಿ ಎರಡು, ತಿರುಗುವ ಕುದುರೆ ನಾಲ್ಕು ಎಂದು ತಿಳಿಯಬೇಡಿ. ಅದೊಂದು ತಾಲೂಕು. ಕೆರೆ ತೋಡಿ, ಗುಡ್ಡ ಕಟ್ಟಿ, ಹೊಳೆ ಹರಿಸಿ, ಅದರ ನಡುವೆ ರೈಲು ಓಡಿಸಿದ್ದಾರೆ. ಇರಲಿಕ್ಕೆ ಹೋಟೆಲುಗಳೂ ಒಳಗೇ ಇವೆ. ಒಮ್ಮೆ ಒಳಗೆ ಹೋದವನು ಹೊರಗಿನ ಲೋಕವನ್ನು ಮರೆಯಬೇಕು ಎಂಬುದು ಅವರ ಹಂಚಿಕೆ.

ನಮ್ಮ ಕೋಣೆಯಲ್ಲಿ ಸಮಸ್ತವೂ ಇತ್ತು, ಜಳಕ ಮಾಡಲು ಬಕೀಟು ಒಂದು ಬಿಟ್ಟು. ಮೇಲಿಂದ ಸುರಿಯುವ ನೀರಿನ ಕೆಳಗೆ ನಿಲ್ಲಲು ದೊಡ್ಡವ್ವ ಸುತಾರಾಂ ಒಪ್ಪಲಿಲ್ಲ. ಎಲ್ಲಿಂದ ಬೀಳುತ್ತದೆ, ಯಾವಾಗ ಬೀಳುತ್ತದೆ, ಬಿಸಿಯೋ ತಣ್ಣಗೋ ಎಂಬುದು ನಮ್ಮ ಕೈಯಲ್ಲಿರಬೇಕು ಎಂಬುದು ಅವಳ ವಾದ. ಕೊನೆಗೆ ಬರ್ಫ ಇಡಲೆಂದು ಮೇಜಿನ ಮೇಲಿಟ್ಟಿದ್ದ ಸಣ್ಣ ಡಬರಿಯನ್ನು ಕಂಡುಹಿಡಿದಳು. ಹಲ್ಲು ತಿಕ್ಕುವ ಗ್ಲಾಸು ತಂಬಿಗೆಯಾಯಿತು. ಅವಳ ಜಳಕ ಮುಗಿಯುವಷ್ಟರಲ್ಲಿ ನೀರು ಬಾಗಿಲ ಸಂದಿಯಿಂದ ಗಾಲೀಚಿಗೆ ಬಂತು. ನಾನು ಟವೆಲು ಹಾಸಿ ಒಡ್ಡು ಕಟ್ಟಿದೆ. ಬಾಗಿಲು ಬಡಿದ ಹೋಟೆಲಿನ ಹೆಣ್ಣುಮಗಳಿಗೆ ಏನೂ ಆಗಿಲ್ಲವೆಂದು ಇಂಗ್ಲಿಷಿನಲ್ಲಿ ಹೇಳಿದೆ. ಅವಳಿಗೆ ತಿಳಿಯದ್ದರಿಂದ ಬಚಾವಾದೆವು.

ಜಳಕವಾದ ಮೇಲೆ ಲಿಂಗಪೂಜೆ. ಇದನ್ನು ಸ್ವಲ್ಪ ವಿವರಿಸಬೇಕು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ದೊಡ್ಡವ್ವನ ಕೊರಳಲ್ಲಿ ಶಿವದಾರ, ಶಿವದಾರದಲ್ಲಿ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಇಷ್ಟಲಿಂಗ. ಅವಳು ತೊಟ್ಟಿಲ ಕೂಸಾಗಿದ್ದಾಗ ಊರಿನ ಅಯ್ಯನವರು ಕಟ್ಟಿದ್ದು. ದಿನಾ ಅದನ್ನು ಅಂಗೈಯಲ್ಲಿಟ್ಟು ಪೂಜಿಸದೆ ಅವಳು ಹನಿ ನೀರೂ ಮುಟ್ಟಿದವಳಲ್ಲ. ಲಿಂಗ ಮೈಮೇಲಿಲ್ಲದ ಹೊತ್ತಿನಲ್ಲಿ ಅನ್ನ ನೀರು ಇಲ್ಲ ಎಂಬುದು ಅವಳ ನೇಮ. ವಿಮಾನದಲ್ಲಿ ಹೊತ್ತು ಹುಟ್ಟುವುದು ಮುಳುಗುವುದು ಅದಲುಬದಲಾದಾಗಲೂ ನೇಮ ತಪ್ಪಿರಲಿಲ್ಲ.

ಅಂದು ಬೆಳಿಗ್ಗೆ ಪೂಜೆ ಮುಗಿಸಿ, ಊರಿಂದ ತಂದಿದ್ದ ಅವಲಕ್ಕಿ ಒಂದು ಹಿಡಿ ತಿಂದು, ಶೇಂಗಾ ಉಂಡಿಯ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಎದ್ದು ನಿಂತಳು. ಬಿಸಿಲಿಗೆ ಹೆದರಿ ಶಾಂತಾ ಕೂಸಿನೊಡನೆ ಕೋಣೆಯಲ್ಲೇ ಉಳಿದಳು, ಅಳಿಯನೂ ಅವರ ಜೊತೆಗೆ ಉಳಿದ. ಹೊರಟವರು ನಾವಿಬ್ಬರು.

ಹೆಬ್ಬಾಗಿಲು

ಆ ಊರಿನ ದೈವ ಒಂದು ಕರಡಿ. ಕೆಂಪು ಜಾಕೀಟು, ದುಂಡು ಟೋಪಿ, ಕೊರಳಿಗೊಂದು ಹಳದಿ ರುಮಾಲು. ಗೋಡೆ, ಬಟ್ಟಲು, ಬಲೂನು, ಎಲ್ಲದರ ಮೇಲೂ ಅದರದೇ ಚಿತ್ರ. ಹೆಬ್ಬಾಗಿಲಲ್ಲಿ ಜೀವಂತ ಕರಡಿಯೇ ನಿಂತು ಬಂದವರಿಗೆ ಕೈ ಬೀಸುತ್ತದೆ. ಒಳಗೆ ಮನುಷ್ಯರಿದ್ದಾರೆ ಎಂಬುದು ಎಲ್ಲರಿಗೂ ಗೊತ್ತು, ಆದರೆ ಹೇಳುವ ಹಾಗಿಲ್ಲ. ಕರಡಿ ಮಾತಾಡುವ ಹಾಗೂ ಇಲ್ಲ.

ದೊಡ್ಡವ್ವ ರೂಢಿಯಂತೆ ಕೈ ಮುಗಿದಳು. ಕರಡಿ ಒಂದು ಗಳಿಗೆ ನೋಡಿ, ತನ್ನ ದಪ್ಪ ಪಂಜಗಳನ್ನು ಜೋಡಿಸಿ ತಿರುಗಿ ಕೈ ಮುಗಿಯಿತು. ದೊಡ್ಡವ್ವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಈ ದೇಶಕ್ಕೆ ಬಂದ ಮೇಲೆ ನಮಸ್ಕಾರಕ್ಕೆ ನಮಸ್ಕಾರ ಕೊಟ್ಟ ಮೊದಲನೆಯ ಪ್ರಾಣಿ ಇದು ಎಂದು ದಾರಿಯುದ್ದಕ್ಕೂ ಹೇಳಿದಳು.

ಈಗ ಚಲೋದನ್ನು ಹೇಳುತ್ತೇನೆ. ಅಲ್ಲಿಯ ಸ್ವಚ್ಛತೆ ನೋಡಿದರೆ ಉಗುಳು ನುಂಗಿಕೊಳ್ಳಬೇಕೆನಿಸುತ್ತದೆ. ಎಲ್ಲೆಲ್ಲೂ ಬಿಳಿ ಅಂಗಿಯ ಜಾಡಮಾಲಿಗಳು, ಕೈಯಲ್ಲಿ ಉದ್ದ ಹಿಡಿಕೆಯ ಕಸಬರಿಗೆ. ದೊಡ್ಡವ್ವ ಪರೀಕ್ಷೆ ಮಾಡಲೆಂದು ಒಂದು ಶೇಂಗಾ ಸಿಪ್ಪೆ ಬೀಳಿಸಿದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಒಬ್ಬ ಬಂದು ಎತ್ತಿಕೊಂಡು ಹೋದ. ಮುಂದೆ ಹೋಗಿ ಇನ್ನೊಂದು ಬೀಳಿಸಿದಳು. ಇನ್ನೊಬ್ಬ ಬಂದ. ಮೂರನೆಯದಕ್ಕೆ ನಾನು ಕೈ ಹಿಡಿದೆ. ಇಂಥವನೊಬ್ಬ ನಮ್ಮ ಪಂಚಾಯತಿಗೆ ಸಿಕ್ಕಿದ್ದರೆ ಎಂದು ನಿಟ್ಟುಸಿರು ಬಿಟ್ಟಳು. ನಾನೂ ಬಿಟ್ಟೆ.

ಇನ್ನು ಕೆಟ್ಟದ್ದು. ಅಲ್ಲಿ ಯಾವುದೂ ಖರೇ ಅಲ್ಲ. ಗಿಡದ ಮೇಲೆ ಹಕ್ಕಿ ಹಾಡುತ್ತಿತ್ತು. ದೊಡ್ಡವ್ವ ಶೇಂಗಾ ಕಾಳು ಚೆಲ್ಲಿ ಬಹಳ ಹೊತ್ತು ಕಾದಳು. ಅದು ಇಳಿಯಲಿಲ್ಲ, ಯಾಕೆಂದರೆ ಅದರ ಕಾಲಿಗೆ ತಂತಿ ಇತ್ತು. ಗುಡ್ಡದ ಬಂಡೆಗೆ ಕೈ ಆನಿಸಿದರೆ ಅಂಥ ಬಿಸಿಲಿನಲ್ಲೂ ಬೆಚ್ಚಗಿರಲಿಲ್ಲ. ಅವಳಿಗೆ ಸಂಶಯ ಬಂತು. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ನೋಡುವ ಹಾಗೆ ಬಂಡೆಯನ್ನು ಬಡಿದು ನೋಡಿದಳು. ಟೊಳ್ಳು. ಗಿಡ ಬಡಿದಳು, ಟೊಳ್ಳು. ಕೋಟೆಯ ಗೋಡೆ, ತೋಪು, ಆನೆ, ಎಲ್ಲ ಬಡಿಯುತ್ತ ನಡೆದಳು. ಬೆನ್ನ ಹಿಂದೆ ಎರಡು ಅಮೆರಿಕನ್ ಮಕ್ಕಳು, ಇದೂ ಒಂದು ಆಟವೆಂದು ತಿಳಿದು, ತಾವೂ ಬಡಿಯುತ್ತ ಬಂದವು.

ದೋಣಿಯ ಪಾಳೆ

ಪಾಳೆಯ, ಅಂದರೆ ಸರತಿ ಸಾಲಿನ, ವಿಷಯ ಹೇಳದಿದ್ದರೆ ನನ್ನ ತಕ್ಕಡಿ ಪೂರ್ತಿಯಾಗದು. ಆ ಊರಿನಲ್ಲಿ ಆಟ ಅರೆಗಳಿಗೆ, ಪಾಳೆ ಅರ್ಧ ದಿನ. ನಮ್ಮಲ್ಲಿ ಚಿಮಣಿ ಎಣ್ಣಿಯ ಪಾಳೆಯಲ್ಲಿ ಮೊಣಕೈ ಇಲ್ಲದವನಿಗೆ ಎಣ್ಣೆ ಇಲ್ಲ. ಅಲ್ಲಿ ನೂರಾರು ಜನ, ಒಬ್ಬನೂ ನುಗ್ಗುವುದಿಲ್ಲ. ನುಗ್ಗಲು ದಾರಿ ಇದ್ದರೂ ನುಗ್ಗುವುದಿಲ್ಲ. ದೊಡ್ಡವ್ವನಿಗೆ ಇದು ಸೌಜನ್ಯವೋ ಅಶಕ್ತತೆಯೋ ತಿಳಿಯಲಿಲ್ಲ. ಇಷ್ಟು ಹೊತ್ತು ಸುಮ್ಮನೆ ನಿಲ್ಲುವ ಮಂದಿಗೆ ಮನೆಯಲ್ಲಿ ಕೆಲಸವಿಲ್ಲವೇ ಎಂದು ಕೇಳಿದಳು. ಮುಂದಿದ್ದವರಿಗೂ ಹಿಂದಿದ್ದವರಿಗೂ ಒಂದೊಂದು ಉಂಡಿ ಕೊಟ್ಟಳು. ಬೇಡವೆಂದವರ ಕೈ ಬಿಚ್ಚಿಸಿ ಇಟ್ಟಳು.

ದೋಣಿ ಬಂತು. ಬಂದದ್ದೇ ತಡ, ದೊಡ್ಡವ್ವ ನನ್ನ ಹೆಗಲ ಮೇಲಿನ ಟವೆಲು ಎಳೆದು, ಜನರ ತಲೆಯ ಮೇಲಿಂದ ಗುರಿಯಿಟ್ಟು ದೋಣಿಯ ಮುಂದಿನ ಹಲಗೆಗೆ ಎಸೆದಳು. ನಮ್ಮ ಬಸ್ಸಿನ ಕಿಟಕಿಯಿಂದ ಹೀಗೆ ಟವೆಲು ಹಾಕಿದರೆ ಆ ಸೀಟು ನಮ್ಮದು. ಕಲೆಕ್ಟರು ಬಂದರೂ ಕೂರುವ ಹಾಗಿಲ್ಲ. ದೋಣಿಯವನು ಅದನ್ನು ಎತ್ತಿ, ಝಾಡಿಸಿ, ಚೊಕ್ಕ ಮಡಚಿ ತಂದು ನನ್ನ ಕೈಗೇ ಕೊಟ್ಟ. ಬಿದ್ದಿತ್ತಂತೆ. ದೊಡ್ಡವ್ವ ಆ ಮನುಷ್ಯನ ಮುಖವನ್ನು ದೀರ್ಘವಾಗಿ ನೋಡಿ, ಈ ದೇಶದಲ್ಲಿ ಕಾಯ್ದೆ ಇಲ್ಲ ಅಂದಳು.

ದೋಣಿಯಲ್ಲಿ ಕೂತದ್ದು, ಟೊಳ್ಳು ಮೊಸಳೆಗಳನ್ನು ನೋಡಿದ್ದು, ಇಳಿದದ್ದು ವಿಶೇಷವಲ್ಲ. ಇಳಿದ ಕಡೆ ಕರಡಿ ನಿಂತಿತ್ತು.

ಕರಡಿ

ನಾನು ರೈಲಿನ ದಾರಿ ಹುಡುಕುತ್ತ ಫಲಕದ ಮುಂದೆ ನಿಂತು ಆಗಾಗ ತಿರುಗಿ ನೋಡುತ್ತಿದ್ದೆ. ದೊಡ್ಡವ್ವ ಹಳೆಯ ಪರಿಚಯದವರನ್ನು ಕಂಡ ಹಾಗೆ ಕರಡಿಯ ಹತ್ತಿರ ಹೋದಳು. ಕೈ ಮುಗಿದಳು. ಇದೂ ತಿರುಗಿ ಮುಗಿಯಿತು. ಡಬ್ಬಿ ತೆಗೆದು ಉಂಡಿ ಕೊಟ್ಟಳು. ಹೊಲಿದ ಬಾಯಿಂದ ಪಾಪ ಅದು ಹೇಗೆ ತಿಂದೀತು? ಉಂಡಿಯನ್ನು ಎದೆಗೊತ್ತಿಕೊಂಡಿತು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅಮೆರಿಕನ್ನರಿಗೆ ಪ್ರೀತಿ ಬಂದರೆ ಸುಮ್ಮನಿರಲು ಬರುವುದಿಲ್ಲ. ಕರಡಿ ಎರಡೂ ಕೈ ಚಾಚಿ ದೊಡ್ಡವ್ವನನ್ನು ತಬ್ಬಿಕೊಂಡಿತು. ನಾಲ್ಕು ಮಂದಿಯ ಮುಂದೆ ಯಾರೂ ಅವಳ ಕೈ ಕೂಡ ಹಿಡಿದಿರಲಿಲ್ಲ. ಅವಳು ಕಂಬದ ಹಾಗೆ ಸೆಟೆದು ನಿಂತಳು. ಅಷ್ಟರಲ್ಲಿ ವಾದ್ಯ ಶುರುವಾಯಿತು, ಮಕ್ಕಳು ಕರಡಿಯನ್ನು ಎಳೆದುಕೊಂಡು ಹೋದವು.

ನಾನು ಬಂದಾಗ ದೊಡ್ಡವ್ವ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. "ಕರಡಿಗಿ ಹೋತೋ, ಬಸ್ಯಾ" ಅಂದಳು.

ಉಂಡಿ ಹೋದದ್ದಕ್ಕೆ ಇಷ್ಟೇಕೆ ಸಂಕಟ ಎಂದು ನನಗೆ ಆಶ್ಚರ್ಯವಾಯಿತು. ಹೋದರೆ ಹೋಯಿತು, ಡಬ್ಬಿಯ ತುಂಬ ಇನ್ನೂ ಇವೆ, ಅದೂ ತಿನ್ನಲಿ ಪಾಪ ಎಂದೆ. ಅವಳು ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿ, ಮತ್ತೆ ಅದನ್ನೇ ಅಂದಳು. ಕರಡಿಗೆ ಹೋದ ಉಂಡಿ ದಾನವಾಯಿತೆಂದು ತಿಳಿ ಎಂದು ನಾನು ಸಮಾಧಾನ ಹೇಳಿದೆ. ಆಗ ಅವಳು ನನ್ನ ಬೆನ್ನಿಗೆ ಒಂದು ಬಿಟ್ಟಳು.

"ಕರಡಿಗಿ ಕರಡಿಗಿ ಹೋತೋ, ಮಂಗ್ಯಾ!"

ನಮ್ಮ ಕಡೆಯ ಬಾಯಿಯಲ್ಲಿ ಲಿಂಗದ ಕರಡಿಗೆಯೂ 'ಕರಡಿಗಿ', ಕರಡಿ ಎಂಬ ಪ್ರಾಣಿಗೆ ಎಂಬುದೂ 'ಕರಡಿಗಿ'. ಇಷ್ಟು ವರ್ಷ ಮಕ್ಕಳಿಗೆ ವ್ಯಾಕರಣ ತಪ್ಪಿದರೆ ಕಿವಿ ಹಿಂಡಿದ ನಾನು, ಪ್ರಥಮಾ ಯಾವುದು ಚತುರ್ಥಿ ಯಾವುದು ತಿಳಿಯದೆ ನಿಂತಿದ್ದೆ. ಅವಳ ಕೊರಳು ನೋಡಿದೆ. ಬರಿದಾಗಿತ್ತು. ತಬ್ಬಿಕೊಂಡಾಗ ಹಳೆಯ ಶಿವದಾರ ಕರಡಿಯ ಜಾಕೀಟಿನ ಗುಂಡಿಗೆ ಸಿಕ್ಕಿ ಹರಿದಿತ್ತು. ಕರಡಿಗೆ ಕರಡಿಯ ಜೊತೆಗೆ ಹೊರಟುಹೋಗಿತ್ತು.

ನಾನು ಓಡಿದೆ. ಮಕ್ಕಳ ಗುಂಪು ಚದುರಿತ್ತು, ಕರಡಿ ಇರಲಿಲ್ಲ. ಹೆಬ್ಬಾಗಿಲಿಗೆ ಓಡಿದೆ. ಕರಡಿ ಅಲ್ಲಿ ನಿಂತು ಕೈ ಬೀಸುತ್ತಿತ್ತು. ಹಿಂದುಮುಂದು ನೋಡದೆ ಅದರ ಜಾಕೀಟಿನೊಳಗೆ ಕೈ ಹಾಕಿದೆ. ನನಗೂ ಪ್ರೀತಿ ಬಂದಿದೆ ಎಂದು ತಿಳಿದು ಅದು ನನ್ನನ್ನೂ ತಬ್ಬಿಕೊಂಡಿತು. ತಬ್ಬಿಕೊಂಡಾಗ ನನ್ನ ತಲೆ ಅದರ ಗದ್ದದ ಕೆಳಗಿತ್ತು. ದೋಣಿಯ ಹತ್ತಿರದ ಕರಡಿ ದೊಡ್ಡವ್ವನಷ್ಟೇ ಎತ್ತರವಿತ್ತು. ಅಂದರೆ ಇದು ಆ ಕರಡಿಯಲ್ಲ! ನಾನು ಬಿಡಿಸಿಕೊಳ್ಳಲು ಒದ್ದಾಡಿದೆ. ಒಂದು ಕೂಸು ಈ ಮನುಷ್ಯ ಕರಡಿಯನ್ನು ಹೊಡೆಯುತ್ತಿದ್ದಾನೆಂದು ಕಿರುಚಿತು. ಕಾವಲುಗಾರ ಬಂದು ನನ್ನ ರಟ್ಟೆ ಹಿಡಿದು, ಬಹಳ ಮರ್ಯಾದೆಯಿಂದ, ಬಿಡದೆ ಕರೆದುಕೊಂಡು ಹೋದ.

ಕಚೇರಿ

ಮೇಲ್ವಿಚಾರಕ ನಗುಮುಖದವನು. ಆ ಊರಿನಲ್ಲಿ ನಗದವರಿಗೆ ಕೆಲಸ ಕೊಡುವುದಿಲ್ಲವಂತೆ. ನನ್ನನ್ನು ಕೂರಿಸಿ, ತಣ್ಣನೆ ನೀರು ಕೊಟ್ಟು, ಏನಾಯಿತೆಂದು ಕೇಳಿದ. ನಾನು ಬರುವ ದಾರಿಯಲ್ಲೇ ಮನಸ್ಸಿನಲ್ಲಿ ವಾಕ್ಯ ಕಟ್ಟಿಕೊಂಡಿದ್ದೆ. ಕರ್ತೃ ಕರ್ಮ ಕ್ರಿಯಾಪದ ಎಲ್ಲ ಸರಿಯಿತ್ತು. ಇಂಗ್ಲಿಷಿನಲ್ಲಿ ಹೇಳಿದೆ: ನನ್ನ ದೊಡ್ಡಮ್ಮನ ದೇವರು ನಿಮ್ಮ ಕರಡಿಯಲ್ಲಿದ್ದಾನೆ.

ಅವನಿಗೆ ನನ್ನ ಇಂಗ್ಲಿಷ್ ಮೊದಲ ಬಾರಿಗೆ ಪೂರ್ತಿ ತಿಳಿಯಿತು. ಕಣ್ಣಲ್ಲಿ ನೀರು ತಂದುಕೊಂಡು, ಬಹಳ ಜನ ಹಾಗೇ ಹೇಳುತ್ತಾರೆ ಎಂದು ನನ್ನ ಕೈ ಕುಲುಕಿದ.

ಮತ್ತೆ ಮೊದಲಿನಿಂದ ಹೇಳಿದೆ. ಬೆಳ್ಳಿಯ ಡಬ್ಬಿ, ದಾರ, ಗುಂಡಿ ಎಂದು ಕೈಯಲ್ಲಿ ಮಾಡಿ ತೋರಿಸಿದೆ. ಡಬ್ಬಿ ಎಂದದ್ದು ಅರ್ಥವಾಯಿತು. ಕಳೆದ ಸಾಮಾನುಗಳ ಕೋಣೆಯಲ್ಲಿ ಹುಡುಕಿಸಿದ. ಕೊಡೆ, ಕನ್ನಡಕ, ಒಂದು ಕೃತಕ ಹಲ್ಲಿನ ಸೆಟ್ಟು ಸಿಕ್ಕವು. ನಾನು, ದೋಣಿಯ ಹತ್ತಿರದ ಕರಡಿಯನ್ನು ಕರೆಸಿರಿ, ಹೆಬ್ಬಾಗಿಲಿನದಲ್ಲ ಎಂದೆ. ಅವನ ನಗು ಹಾಗೇ ಇತ್ತು, ಆದರೆ ಕಣ್ಣು ಬದಲಾಯಿತು. ಕರಡಿ ಒಂದೇ ಎಂದ. ನಾನು ಎರಡನ್ನೂ ಕಣ್ಣಾರೆ ನೋಡಿದ್ದೇನೆ, ಒಂದರ ಗದ್ದ ನನ್ನ ತಲೆಯ ಮೇಲಿತ್ತು ಎಂದೆ. ಕರಡಿ ಬಹಳ ಬೇಗ ನಡೆಯುತ್ತದೆ ಎಂದ. ಎತ್ತರವೂ ನಡೆಯುವಾಗ ಬದಲಾಗುತ್ತದೆಯೇ ಎಂದು ಕೇಳಿದೆ. ಮಕ್ಕಳ ನಂಬಿಕೆಯ ಪ್ರಶ್ನೆ ಸರ್, ಈ ಊರಿನಲ್ಲಿ ಕರಡಿ ಒಂದೇ ಎಂದು ಮತ್ತೆ ಹೇಳಿದ. ನಮ್ಮಲ್ಲಿ ಒಬ್ಬ ಶಿವನಿಗೆ ಊರಿಗೊಂದು ಗುಡಿ ಇದ್ದರೂ ಇಷ್ಟು ಗಟ್ಟಿಯಾಗಿ ವಾದಿಸುವ ಪೂಜಾರಿಯನ್ನು ನಾನು ಕಂಡಿಲ್ಲ.

ಕೋಣೆಗೆ ಟೆಲಿಫೋನು ಮಾಡಿಸಿ ಅಳಿಯನನ್ನು ಕರೆಸಿದೆ. ಅವನ ಇಂಗ್ಲಿಷ್ ಅಮೆರಿಕನ್ನರದೇ. ಅವನಿಗೂ ಅದೇ ಉತ್ತರ ಸಿಕ್ಕಿತು: ಸಿಕ್ಕರೆ ತಿಳಿಸುತ್ತೇವೆ, ಕರಡಿ ಒಂದೇ.

ಗುಡ್ಡದ ಕೆಳಗಿನ ಬೆಂಚು

ದೊಡ್ಡವ್ವ ಟೊಳ್ಳು ಗುಡ್ಡದ ಕೆಳಗಿನ ಬೆಂಚಿನ ಮೇಲೆ ಕೂತಿದ್ದಳು. ಬಾಜೂಕ್ಕೇ ಕುಡಿಯುವ ನೀರಿನ ಕಾರಂಜಿ, ಗುಂಡಿ ಒತ್ತಿದರೆ ಚಿಮ್ಮುವಂಥದು. ಮಕ್ಕಳು ಕುಡಿಯುತ್ತಿದ್ದವು, ಮುಖಕ್ಕೆ ಸಿಂಪಡಿಸಿಕೊಳ್ಳುತ್ತಿದ್ದವು. ಅವಳು ಆ ಕಡೆ ನೋಡುತ್ತಿರಲಿಲ್ಲ. ಹೊತ್ತು ಇಳಿಯತೊಡಗಿತ್ತು, ಬಿಸಿಲು ಇಳಿದಿರಲಿಲ್ಲ. ತುಟಿ ಒಣಗಿ ಬಿಳಿಚಿತ್ತು. ಕಚೇರಿಯಲ್ಲಿ ಏನೆಂದರು ಎಂದು ಕೇಳಿದಳು. ಎಲ್ಲ ಹೇಳಿದೆ, ಕರಡಿ ಒಂದೇ ಎಂದದ್ದನ್ನೂ ಹೇಳಿದೆ. ಅವಳು ನಗಲಿಲ್ಲ.

ಅಳಿಯ ಬೆಂಚಿನ ಮುಂದೆ ಮಂಡಿಯೂರಿ ಕೂತು ಬೇಡಿಕೊಂಡ. ಲಿಂಗವನ್ನು ಊರಿಗೆ ಹೋದ ಮೇಲೆ ಮಠದಲ್ಲಿ ಬೇರೆ ಕಟ್ಟಿಸಿಕೊಂಡರಾಯಿತು, ದೇವರು ತಿಳಿದುಕೊಳ್ಳುತ್ತಾನೆ, ಸದ್ಯ ಎರಡು ಗುಟುಕು ನೀರು ಕುಡಿಯಿರಿ ಎಂದ. ಅಯ್ಯನವರು ಬೇರೆ ಕಟ್ಟಿದರೆ ಆವಾಗ ಕುಡಿಯುತ್ತೇನೆ ಎಂದಳು. ಊರಿಗೆ ಹೋಗಲು ಇನ್ನೂ ಐದು ದಿನವಿತ್ತು. ಅವನು ಮತ್ತೇನೋ ಹೇಳಹೋದ. ಅವಳು ಅವನ ಹೆಗಲ ಮೇಲೆ ಕೈಯಿಟ್ಟಳು.

"ನನ್ನ ಗಂಡ ಬರೂಕಿಂತ ಮದಲ ಬಂದೈತ್ರಿ ಅದು. ಅವರು ಹ್ವಾದ ಮ್ಯಾಲೂ ಬಿಟ್ಟು ಹೋಗಿದ್ದಿಲ್ಲ."

ಅಳಿಯ ನನ್ನನ್ನು ದೂರ ಕರೆದು ಡಾಕ್ಟರನಾಗಿ ಮಾತಾಡಿದ. ಈ ವಯಸ್ಸಿಗೆ, ಈ ಬಿಸಿಲಿನಲ್ಲಿ, ನಾಳೆ ಮಧ್ಯಾಹ್ನದವರೆಗೆ ನೀರಿಲ್ಲದಿದ್ದರೆ ಮೈ ತಡೆಯುವುದಿಲ್ಲ. ಆಸ್ಪತ್ರೆಗೆ ಒಯ್ದು ಸಲೈನು ಹಚ್ಚಿದರೂ ಆಕೆ ಕಿತ್ತು ಹಾಕುತ್ತಾಳೆ ಎಂದ. ಬೆಳಗಿನಿಂದ ನಾನು ತಮಾಷೆಯಾಗಿ ಎತ್ತಿ ಎತ್ತಿ ಇಡುತ್ತಿದ್ದ ಚಲೋದು ಕೆಟ್ಟದ್ದು ಎಲ್ಲ ಬೇಡವಾಯಿತು. ಇವಳನ್ನು ಜೀವಂತ ಕರೆದುಕೊಂಡು ಹೋದರೆ ಸಾಕು ಎನಿಸಿತು. ತಿರುಗಿ ಬಂದು ಅವಳ ಕಾಲ ಹತ್ತಿರ ಕೂತೆ. ಅವಳು ತನ್ನ ಚಿಂತೆ ಬಿಟ್ಟು, ಆ ಕರಡಿಯ ಗಂಬಳಿ ಹೊದ್ದುಕೊಂಡು ಇಂಥ ಸೆಕೆಯಲ್ಲಿ ಕುಣಿಯುವವರ ಜೀವ ಹೇಗಿದ್ದೀತು ಎಂದು ಕೇಳಿದಳು.

ಆಗ ಗುಡ್ಡ ತೆರೆಯಿತು. ಬಂಡೆಯ ಹಾಗೆ ಬಣ್ಣ ಬಳಿದ ಬಾಗಿಲೊಂದು ಅಲ್ಲಿತ್ತು, ನಮಗೆ ಗೊತ್ತಿರಲಿಲ್ಲ. ಅದರಿಂದ ಒಬ್ಬ ಹೆಂಗಸು ಓಡಿಬಂದಳು. ನಲವತ್ತರ ಆಸುಪಾಸು, ಬಡಕಲು ಮೈ, ಕೂದಲು ತೊಯ್ದು ಹಣೆಗೆ ಅಂಟಿತ್ತು. ಸೊಂಟದ ಮೇಲೆ ಬೆವರಿನ ಬನಿಯನ್ನು, ಸೊಂಟದ ಕೆಳಗೆ ಕರಡಿ. ಎರಡು ಕೈಯಲ್ಲಿ ಬಿಳಿ ಕರವಸ್ತ್ರದಲ್ಲಿ ಸುತ್ತಿದ್ದ ಏನೋ ಇತ್ತು. ದೊಡ್ಡವ್ವನ ಮುಂದೆ ನಿಂತು ಎರಡೂ ಕೈಯಿಂದ ಚಾಚಿದಳು.

ಏದುಸಿರಿನಲ್ಲಿ ನನಗೆ ಹೇಳಿದ್ದಿಷ್ಟು. ಈಗಷ್ಟೇ ಪಾಳಿ ಮುಗಿಸಿ ಜಾಕೀಟು ಬಿಚ್ಚಿದಾಗ ಗುಂಡಿಯ ಹಿಂದೆ, ಅಸ್ತರಿನ ಒಳಗೆ ಸಿಕ್ಕಿತಂತೆ. ಕೈ ಮುಗಿದ ಅಜ್ಜಿಯದೇ ಇರಬೇಕೆಂದುಕೊಂಡಳಂತೆ. ತೆರೆದು ನೋಡಿಲ್ಲವಂತೆ. ಕಚೇರಿಗೆ ಕೊಟ್ಟರೆ ನಾಳೆ ನಾಡಿದ್ದು ಆದೀತು, ಬಾಗಿಲ ಸಂದಿಯಿಂದ ಅಜ್ಜಿಯ ಮುಖ ನೋಡಿ ಕಾಯಲಾಗಲಿಲ್ಲವಂತೆ. ಕರಡಿಯ ತಲೆ ಹಾಕಿಕೊಳ್ಳದೆ ಈ ಬಾಗಿಲು ದಾಟಿದವರಿಗೆ ಅಂದೇ ಕೆಲಸ ಹೋಗುತ್ತದಂತೆ.

ದೊಡ್ಡವ್ವ ಕರಡಿಗೆ ಬಿಚ್ಚಿ ನೋಡಿದಳು, ಕಣ್ಣಿಗೊತ್ತಿಕೊಂಡಳು. ಆಮೇಲೆ ತಲೆಯೆತ್ತಿ ಆ ಹೆಂಗಸನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯ, ಹೆಣ್ಣಮಗಳು!" ಎಂದಳು. ಪರಗಂಡಸು ತಬ್ಬಿಕೊಂಡನೆಂಬ ಇನ್ನೊಂದು ಸಂಕಟವನ್ನೂ ಅವಳು ಮಧ್ಯಾಹ್ನದಿಂದ ಒಳಗೇ ನುಂಗಿಕೊಂಡಿದ್ದಳೆಂದು ನನಗೆ ತಿಳಿದದ್ದು ಆಗ. ದೊಡ್ಡವ್ವ ಸೆರಗಿನಿಂದ ಆ ಹೆಣ್ಣುಮಗಳ ಮುಖದ, ಕೊರಳಿನ ಬೆವರು ಒರೆಸಿದಳು. ಆ ಹೆಂಗಸು ನಗುತ್ತ, ಅಳುತ್ತ, ಗುಡ್ಡದೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆದರೆ ಕಾರಂಜಿಯ ಹತ್ತಿರದ ಹುಡುಗಿಯೊಂದು ನೋಡಿಬಿಟ್ಟಿತ್ತು. ಕರಡಿಯ ತಲೆ ಹೋಗಿದೆ ಎಂದು ಊರೆಲ್ಲ ಕೇಳುವ ಹಾಗೆ ಚೀರಿತು.

ದೊಡ್ಡವ್ವನಿಗೆ ಅದರ ಪರಿವೆ ಇರಲಿಲ್ಲ. ಕೈಕಾಲು ತೊಳೆದುಕೊಂಡು, ಬೆಂಚಿನ ಮೇಲೆ ಪದ್ಮಾಸನ ಹಾಕಿ, ಹಣೆಗೆ ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆಗೆ ಕೂತಳು. ಒಬ್ಬರು ನಿಂತು ನೋಡಿದರು. ಅವರ ಹಿಂದೆ ಇನ್ನೊಬ್ಬರು ನಿಂತರು. ಸ್ವಲ್ಪ ಹೊತ್ತಿನಲ್ಲಿ ಕಾರಂಜಿಯನ್ನು ಸುತ್ತಿ ಒಂದು ಚೊಕ್ಕ ಪಾಳೆಯಾಯಿತು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಒಬ್ಬ, ಮುಂದಿನ ಆಟ ಎಷ್ಟು ಗಂಟೆಗೆ ಎಂದು ನನ್ನನ್ನು ಕೇಳಿದ. ನಾಳೆ ಬೆಳಿಗ್ಗೆ ಎಂದು ಹೇಳಿದೆ, ಸುಳ್ಳೇನೂ ಅಲ್ಲ.

ಪೂಜೆ ಮುಗಿಯುವ ಹೊತ್ತಿಗೆ ಮೇಲ್ವಿಚಾರಕ ಬಂದ. ಅದೇ ನಗು. ಒಡವೆ ಸಿಕ್ಕಿತಂತೆ, ಬಹಳ ಸಂತೋಷ ಎಂದ. ತಂದುಕೊಟ್ಟವರು ಯಾರು ಎಂದಷ್ಟೇ ತಿಳಿಯಬೇಕಾಗಿತ್ತು ಎಂದ. ಮಾತು ಬೆಲ್ಲ, ಕಣ್ಣು ಆ ಬಂಡೆಯ ಬಾಗಿಲ ಮೇಲೆ. ಅಳಿಯ ನೆಲ ನೋಡಿದ. ನಾನು, ಏನು ಕೇಳುತ್ತಿದ್ದೀರಿ ತಿಳಿಯಲಿಲ್ಲ ಎಂದೆ. ಇಂಗ್ಲಿಷ್ ತಿಳಿಯದವನ ಹಾಗೆ ನಟಿಸುವುದು ನನಗೆ ಕಷ್ಟವೇನಿರಲಿಲ್ಲ. ಅವನು ಬಾಗಿ ನೇರ ದೊಡ್ಡವ್ವನನ್ನೇ ಕೇಳಿದ.

ಏನಂತಾನೆ ಎಂದು ಅವಳು ನನ್ನ ಕಡೆ ನೋಡಿದಳು. ಹೇಳಿದೆ. ಆ ಹೆಣ್ಣುಮಗಳ ಅನ್ನ ಹೋಗುತ್ತದೆ ಎಂಬುದನ್ನೂ ಸೇರಿಸಿ ಹೇಳಿದೆ. ಲಿಂಗ ಇನ್ನೂ ಅವಳ ಅಂಗೈಯಲ್ಲಿತ್ತು. ಅಂಗೈಯಲ್ಲಿ ಲಿಂಗ ಇರುವಾಗ ಅವಳು ಸುಳ್ಳಾಡುವವಳಲ್ಲ, ಇಲ್ಲದಾಗಲೂ ಆಡಿದವಳಲ್ಲ. ಅವಳು ಲಿಂಗವನ್ನು ನೋಡಿದಳು, ಬಂಡೆಯನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು.

"ಹೇಳಪಾ ಅವಗ. ಕರಡಿ ತಂದು ಕೊಟ್ಟೈತಿ."

ನಾನು ಹೇಳಿದೆ, ಈ ಸಲ ಸ್ಪಷ್ಟವಾದ ಇಂಗ್ಲಿಷಿನಲ್ಲಿ. ಅವನ ನಗು ಸ್ವಲ್ಪ ಸಡಿಲವಾಯಿತು. ಯಾವ ಕರಡಿ ಎಂದು ಕೇಳಿದ.

ಅದನ್ನು ಕನ್ನಡದಲ್ಲಿ ಹೇಳಿದಾಗ ದೊಡ್ಡವ್ವ ಗಡಿಗೆ ಬಡಿದು ನೋಡುವವಳ ಹಾಗೆ ಅವನನ್ನು ನೋಡಿದಳು.

"ಯಾವ ಕರಡಿ ಅಂದ್ರ? ನಿಮ್ಮೂರಾಗ ಇರೂದ ಒಂದಲ್ಲೇನು?"

ನಾನು ಗಟ್ಟಿಯಾಗಿ, ಪಾಳೆಯ ಕೊನೆಯವರಿಗೂ ಕೇಳುವ ಹಾಗೆ ಅನುವಾದ ಮಾಡಿದೆ. ಪಾಳೆಯಲ್ಲಿದ್ದ ಮಕ್ಕಳೆಲ್ಲ ಅವನ ಕಡೆ ತಿರುಗಿದವು. ಹೆಗಲ ಮೇಲಿನವು ಬಗ್ಗಿ ನೋಡಿದವು. ಚೀರಿದ್ದ ಹುಡುಗಿ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಅವನು ಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡಿದ. ಹೌದು, ಒಂದೇ ಎಂದ. ಟೋಪಿ ಮುಟ್ಟಿ ದೊಡ್ಡವ್ವನಿಗೆ ವಂದಿಸಿ, ಬಂದ ದಾರಿಯಲ್ಲಿ ಹೊರಟುಹೋದ.

ದೊಡ್ಡವ್ವ ಲಿಂಗವನ್ನು ಕರಡಿಗೆಯಲ್ಲಿಟ್ಟು, ಹರಿದ ಶಿವದಾರಕ್ಕೆ ಗಂಟು ಹಾಕಿ, ಜಗ್ಗಿ ನೋಡಿ, ಕೊರಳಿಗೆ ಹಾಕಿಕೊಂಡಳು. ಸೆರಗು ಸರಿಮಾಡಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇನ್ನ ನೀರು ಕೊಡು" ಅಂದಳು.